ದೇವರು ಎಂಟು, ತಾಸು ಹನ್ನೆರಡು: ದಾರಿ ತೋರಿಸುವವರು ಯಾರು?

ಅಮಾಸಿ ಬಂತೆಂದರೆ ಐನಾಪುರ, ಉಗಾರ, ಶೇಡಬಾಳ, ಕಾಗವಾಡದ ಕಡೆ ಬೆಳಗಿನ ಐದಕ್ಕೇ ಜೀಪುಗಳ ಹಾರ್ನು ಶುರುವಾಗುತ್ತದೆ. ಹತ್ತು ಜನ ಕೂಡ್ರುವ ಗಾಡಿಯಲ್ಲಿ ಹದಿನೈದು ಜನ. ಮ್ಯಾಲೆ ಬುತ್ತಿಯ ಗಂಟು, ನೀರಿನ ಕ್ಯಾನು. ನರಸೋಬನ ವಾಡಿ ಆಯ್ತು, ಕೊಲ್ಹಾಪುರದ ಮಹಾಲಕ್ಷ್ಮಿ ಆಯ್ತು, ಜ್ಯೋತಿಬಾನ ಗುಡ್ಡ ಆಯ್ತು, ಬರುವಾಗ ಹೊತ್ತಿದ್ದರೆ ಬಾಹುಬಲಿಯೂ ಆಯ್ತು. ರಾತ್ರಿ ಹತ್ತಕ್ಕೆ ಮನೆ. ಮರುದಿನ ಓಣಿಯವರು "ಏನೇನ್ ನೋಡಿ ಬಂದ್ರೀ?" ಎಂದು ಕೇಳಿದರೆ ಉತ್ತರ ಒಂದೇ: "ಪಾಳಿ ನೋಡಿ ಬಂದ್ವಿ ತಗೋರಿ. ದೇವರನ್ನ ಯಾರ್ ಸರಿಯಾಗಿ ನೋಡ್ಯಾರು?"

ಹೋಗಿ ಬಂದ ದಣಿವು ನಿಜ, ಕೊಟ್ಟ ರೊಕ್ಕ ನಿಜ, ತಂದ ಪೇಢೆಯೂ ನಿಜ. ಆದರೆ ಇದು ಪ್ರವಾಸವೋ, ಇಲ್ಲಾ ದೇವರ ಹಾಜರಿ ತಗೊಂಡು ಬರುವ ಕೆಲಸವೋ? ಈ ಪ್ರಶ್ನೆಯನ್ನು ಕೃಷ್ಣಾ ದಂಡೆಯ ಜನ ಈಗಲಾದರೂ ಕೇಳಿಕೊಳ್ಳಬೇಕಾಗಿದೆ.

ಡ್ರೈವರನೇ ಗೈಡು

ದೊಡ್ಡ ಊರುಗಳಲ್ಲಿ ಈಗ ಹೊಸ ಪದ್ಧತಿ ಬಂದಿದೆ. ಒಬ್ಬ ತಿಳಿದವನ ಜೊತೆ ಒಂದು ದಿನ ಗುಡ್ಡ ಹತ್ತುವುದು, ಸೈಕಲ್ಲು ತುಳಿಯುವುದು, ದಾರಿಯಲ್ಲಿ ಸಿಗುವ ಗುಡಿಗಳನ್ನು ನಿಧಾನಕ್ಕೆ ನೋಡುವುದು. ಅದಕ್ಕೆ ಜನ ಸಾವಿರಗಟ್ಟಲೆ ರೂಪಾಯಿ ಕೊಡುತ್ತಾರೆ. ಐನಾಪುರದ ಕಡೆ ಈ ಸುದ್ದಿ ಹೇಳಿದರೆ ನಗುವವರೇ ಹೆಚ್ಚು. "ನಡಿಯಾಕ ಯಾಕ್ರೀ ರೊಕ್ಕ?" ಎಂಬುದು ಮೊದಲ ಮಾತು.

ನಗುವುದರಲ್ಲಿ ತಪ್ಪಿಲ್ಲ. ನಡೆದು ದೇವರಿಗೆ ಹೋಗುವುದು ಈ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಆಷಾಢದಲ್ಲಿ ಪಂಢರಪುರದ ವಾರಿ. ಆದರೆ ಆ ಯಾತ್ರೆಗಳಲ್ಲಿ ಒಬ್ಬ ಹಿರಿಯನಿರುತ್ತಾನೆ. ಎಲ್ಲಿ ನೀರು, ಎಲ್ಲಿ ನೆರಳು, ಯಾವ ಊರಲ್ಲಿ ವಸ್ತಿ, ಯಾವ ಗುಡಿಯ ಕಥೆ ಏನು, ಎಲ್ಲ ಅವನಿಗೆ ಗೊತ್ತು. ಅವನೇ ಗೈಡು. ಜೀಪಿನ ಪ್ರವಾಸದಲ್ಲಿ ಆ ಹಿರಿಯನ ಜಾಗಕ್ಕೆ ಡ್ರೈವರ್ ಬಂದು ಕೂತಿದ್ದಾನೆ. ಪಾಪ, ಅವನ ತಪ್ಪೇನಿಲ್ಲ. ಅವನಿಗೆ ಗೊತ್ತಿರುವುದು ಪಾರ್ಕಿಂಗ್ ಎಲ್ಲಿ, ಊಟದ ಹೋಟೆಲ್ ಎಲ್ಲಿ ಎಂಬುದು ಮಾತ್ರ. "ಅರ್ಧ ತಾಸಿನ್ಯಾಗ ಬರ್ರಿ" ಎಂದು ಹೇಳಿ ಬೀಡಿ ಹಚ್ಚುತ್ತಾನೆ. ಅರ್ಧ ತಾಸಿನಲ್ಲಿ ಚಪ್ಪಲಿ ಬಿಟ್ಟು ಚಪ್ಪಲಿ ಹುಡುಕುವಷ್ಟರಲ್ಲಿ ದರ್ಶನ ಮುಗಿದಿರುತ್ತದೆ.

ಮಗ್ಗುಲಿನ ಬಂಗಾರ

ಅಷ್ಟು ದೂರ ಓಡುವ ಮೊದಲು ಮಗ್ಗುಲಲ್ಲಿ ಏನಿದೆ ನೋಡಬೇಕಲ್ಲವೇ? ಕಾಗವಾಡ ತಾಲೂಕಿನ ಜುಗೂಳಕ್ಕೂ ಮಹಾರಾಷ್ಟ್ರದ ಶಿರೋಳ ತಾಲೂಕಿನ ಖಿದ್ರಾಪುರಕ್ಕೂ ನಡುವೆ ಇರುವುದು ಕೃಷ್ಣಾ ನದಿ. ಖಿದ್ರಾಪುರದಲ್ಲಿ ಕೋಪೇಶ್ವರ ಗುಡಿ ಇದೆ. ಕೊಲ್ಹಾಪುರದ ಶಿಲಾಹಾರ ಅರಸರ ಕಾಲದ್ದು, 12ನೆಯ ಶತಮಾನದ್ದು. ಕಪ್ಪು ಕಲ್ಲಿನ ಈ ಗುಡಿಯ ಮುಂದೆ ಸ್ವರ್ಗಮಂಟಪ ಎಂಬ ಹೆಸರಿನ ಮಂಟಪ. 48 ಕಂಬಗಳು. ನಡು ಮಾಡಿಗೆ ಚಾವಣಿಯೇ ಇಲ್ಲ, ಗುಂಡಗೆ ಬಯಲು ಬಿಟ್ಟಿದ್ದಾರೆ. ಕೆಳಗೆ ಅದಕ್ಕೆ ಸರಿಯಾಗಿ ಗುಂಡನೆಯ ಹಾಸುಗಲ್ಲು. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಆ ಬಯಲಿನ ನೆತ್ತಿಗೆ ಬರುವುದನ್ನು ನೋಡಲು ಜನ ಸೇರುತ್ತಾರೆ. ಹೊರಗೋಡೆಯ ಬುಡದಲ್ಲಿ ಸಾಲು ಆನೆಗಳು, ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತಂತೆ.

ಗರ್ಭಗುಡಿಯಲ್ಲಿ ಶಿವನೂ ಇದ್ದಾನೆ, ವಿಷ್ಣುವೂ ಇದ್ದಾನೆ. ಶಿವನ ಹೆಸರು ಕೋಪೇಶ್ವರ, ವಿಷ್ಣುವಿನ ಹೆಸರು ಧೋಪೇಶ್ವರ. ಆದರೆ ಶಿವನ ಎದುರು ನಂದಿ ಇಲ್ಲ! ನಂದಿ ಎಲ್ಲಿ? ದಂಡೆಯ ಜನ ಹೇಳುವ ಕಥೆ ಹೀಗಿದೆ: ದಕ್ಷನ ಯಜ್ಞ ನಡೆದದ್ದು ಯಡೂರಿನಲ್ಲಿ. ಸತಿ ತವರಿಗೆ ಹೊರಟಾಗ ಜೊತೆಗೆ ಹೋದದ್ದು ನಂದಿ. ಸತಿ ಯಜ್ಞಕುಂಡಕ್ಕೆ ಹಾರಿದಳು, ಶಿವ ಕೋಪಗೊಂಡ, ವಿಷ್ಣು ಕರೆದುಕೊಂಡು ಬಂದು ಸಮಾಧಾನ ಮಾಡಿದ. ನಂದಿ ಮಾತ್ರ ಯಡೂರಿನಲ್ಲೇ ಉಳಿಯಿತು. ಚಿಕ್ಕೋಡಿ ತಾಲೂಕಿನ ಅದೇ ಯಡೂರಿನಲ್ಲಿ ವೀರಭದ್ರನ ದೊಡ್ಡ ಗುಡಿ ಇದೆ. 1956ರ ನವೆಂಬರ್ 1ರಂದು ರಾಜ್ಯಗಳು ಬೇರೆಯಾದಾಗ ಶಿವ ಅತ್ತ ಹೋದ, ನಂದಿ ಇತ್ತ ಉಳಿಯಿತು!

ಇನ್ನೊಂದು ಮಾತು. ಖಿದ್ರಾಪುರದ ಗುಡಿಯ ಶಾಸನಗಳಲ್ಲಿ ಯಾದವರ ಸಿಂಘಣನ ಶಾಸನ ಸಂಸ್ಕೃತದ್ದು. ಉಳಿದವುಗಳಲ್ಲಿ ಹೆಚ್ಚಿನವು ಹಳೆಗನ್ನಡದವು. ನೂರಾರು ವರ್ಷದ ಕನ್ನಡ ಅಕ್ಷರ ಕೈಗೆ ಎಟುಕುವಷ್ಟು ಹತ್ತಿರ ಇದೆ. ಇದನ್ನು ಬೆರಳಿಟ್ಟು ತೋರಿಸಿ "ನೋಡ್ರೀ ಅಜ್ಜಾರೆ, ಇದು ಕನ್ನಡ" ಎನ್ನುವ ಒಬ್ಬ ಹುಡುಗ ಅಲ್ಲಿ ಇದ್ದರೆ ಹೇಗೆ? ಅರ್ಧ ತಾಸಿನ ಜೀಪು ಎರಡು ತಾಸು ನಿಲ್ಲುತ್ತದೆ.

ಇದಿಷ್ಟೇ ಅಲ್ಲ. ಐನಾಪುರದಲ್ಲಿ ಸಿದ್ಧೇಶ್ವರ ಇದ್ದಾನೆ. ಶೇಡಬಾಳದಲ್ಲಿ ಜೈನರ ಶಾಂತಿಸಾಗರ ಆಶ್ರಮ ಇದೆ. ದೇಶಕ್ಕೆಲ್ಲ ಹೆಸರಾದ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಊರು ಅದು. ಮಂಗಸೂಳಿಯಲ್ಲಿ ಖಂಡೋಬ, ಭಂಡಾರದ ಹಳದಿಗೆ ಅಲ್ಲಿಯ ಕಲ್ಲೂ ಹಳದಿ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕ. ಎಲ್ಲವೂ ಒಂದು ದಿನದಲ್ಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ದಿನಕ್ಕೆ ಮೂರು ಸಾಕು.

ಗುಡ್ಡ ಎಲ್ಲಿದೆ?

ಗುಡ್ಡ ಹತ್ತುವ ಮಾತು ಬಂದಾಗ ಸತ್ಯ ಹೇಳಬೇಕು. ಐನಾಪುರದ ಸುತ್ತ ಗುಡ್ಡ ಇಲ್ಲ. ಕರಿ ಭೂಮಿ, ಕಬ್ಬು, ನದಿ. ಇಲ್ಲದ ಗುಡ್ಡವನ್ನು ಪಾಂಪ್ಲೆಟಿನಲ್ಲಿ ಅಚ್ಚು ಹಾಕಿಸಿ ಜನರನ್ನು ಕರೆಯುವುದು ಬೇಡ. ಗುಡ್ಡ ಬೇಕಾದವರಿಗೆ ನಿಪ್ಪಾಣಿಯ ಹತ್ತಿರ ತವಂದಿ ಘಾಟು, ಅಲ್ಲಿಯ ಸ್ತವನಿಧಿ ಇದೆ. ಪಾರ್ಶ್ವನಾಥನ ಬಸದಿ, ಬ್ರಹ್ಮದೇವರ ಸ್ಥಾನ, ಸುತ್ತ ಗುಡ್ಡ. ಬೆಂಗಳೂರು-ಪುಣೆ ಹೆದ್ದಾರಿಯ ಮಗ್ಗುಲಲ್ಲೇ ಇರುವುದರಿಂದ ಬಸ್ಸಿಗೂ ತೊಂದರೆ ಇಲ್ಲ. ಅದು ಬೇರೆಯೇ ಒಂದು ದಿನ.

ಕೊಲ್ಹಾಪುರದ ಆಚೆ ಜ್ಯೋತಿಬಾನ ಗುಡ್ಡವೂ ಇದೆ. ಒಂದು ಕಾಲಕ್ಕೆ ಹಿರಿಯರು ಪಾವಟಿಗೆ ಹತ್ತಿ "ಚಾಂಗಭಲ" ಎನ್ನುತ್ತ ಹೋಗುತ್ತಿದ್ದರು. ಈಗ ಗಾಡಿ ಗುಡಿಯ ಹತ್ತಿರಕ್ಕೇ ಹೋಗುತ್ತದೆ. ವಯಸ್ಸಾದವರಿಗೆ, ಕಾಲು ನೋವಿದ್ದವರಿಗೆ ಅದು ಒಳ್ಳೆಯದೇ. ಆದರೆ ಇಪ್ಪತ್ತರ ಹುಡುಗರೂ ಗಾಡಿಯಲ್ಲಿ ಹತ್ತಿ, ಫೋಟೋ ತೆಗೆಸಿಕೊಂಡು ಇಳಿದರೆ ಗುಡ್ಡಕ್ಕೆ ಹೋದಂತೆ ಆಯಿತೇ?

ಸೈಕಲ್ಲಿಗೆ ದಾರಿ ಬಿಡಿ

ಕೃಷ್ಣಾ ದಂಡೆಗೆ ತಕ್ಕ ವಾಹನ ಸೈಕಲ್ಲು. ಏರಿಲ್ಲ, ಇಳುಕಲಿಲ್ಲ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ಜಂಗು ಹಿಡಿದು ನಿಂತಿವೆ. ಅವನ್ನೇ ಎಣ್ಣೆ ಹಾಕಿ, ಟ್ಯೂಬು ಬದಲಿಸಿ ಬಾಡಿಗೆಗೆ ಕೊಟ್ಟರೆ ಪಂಕ್ಚರ್ ಅಂಗಡಿಯವನಿಗೂ ಕೆಲಸ.

ಆದರೆ ಇಲ್ಲೊಂದು ಗಂಡಾಂತರ ಇದೆ. ಸೈಕಲ್ ತುಳಿಯಲು ಹಿತವಾದ ಕಾಲ ಚಳಿಗಾಲ. ಕಬ್ಬಿನ ಹಂಗಾಮೂ ಅದೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡೂ ಕಡೆ ಚಾಚಿದ ಕಬ್ಬು, ಕಿವಿ ಹರಿಯುವ ಹಾಡು, ಹಿಂದೆ ದೀಪ ಇಲ್ಲ. ರಾತ್ರಿ ನಿಂತ ಟ್ರೇಲರಿಗೆ ಬಡಿದು ಸತ್ತವರ ಸುದ್ದಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಹಂಗಾಮಿನ ಶುರುವಿನಲ್ಲಿ ಕೆಂಪು ಪಟ್ಟಿ ಅಂಟಿಸುವ ಕಾರ್ಯಕ್ರಮ ಆಗುತ್ತದೆ, ಫೋಟೋ ಬರುತ್ತದೆ. ತಿಂಗಳಲ್ಲಿ ಪಟ್ಟಿ ಮಣ್ಣು ಹಿಡಿದು ಮುಚ್ಚುತ್ತದೆ. ಹೊರಗಿನಿಂದ ಬರುವ ಪ್ರವಾಸಿಯ ಮಾತು ಆಮೇಲೆ. ದಿನಾ ಕಾಲೇಜಿಗೆ, ಕೆಲಸಕ್ಕೆ ಸೈಕಲ್ಲು, ಬೈಕಿನಲ್ಲಿ ಹೋಗುವ ಊರಿನ ಮಕ್ಕಳ ಜೀವದ ಮಾತು ಇದು. ಪ್ರವಾಸದ ನೆಪದಲ್ಲಾದರೂ ಈ ಕೆಲಸ ಆಗಲಿ. ಸೈಕಲ್ ತಂಡ ಸೂರ್ಯ ಮುಳುಗುವ ಮುಂಚೆ ಊರು ಸೇರಬೇಕು, ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಬೇಕು ಎಂಬುದು ಮೊದಲ ನಿಯಮವಾಗಲಿ.

ನದಿ ತಾಯಿಯೂ ಹೌದು

ಎರಡನೆಯ ಗಂಡಾಂತರ ನದಿ. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರ ಈ ದಂಡೆಯ ಯಾರೂ ಮರೆತಿಲ್ಲ. ದೊಡ್ಡ ಪೂರ ಇಲ್ಲದ ವರ್ಷಗಳಲ್ಲೂ ಮಳೆಗಾಲದಲ್ಲಿ ಕಲ್ಲೋಳ-ಯಡೂರ ಸೇತುವೆಯಂಥ ತಗ್ಗಿನ ಸೇತುವೆಗಳು ಮುಳುಗುವುದು ವಾಡಿಕೆ. ನೀರು ಇಳಿದ ಮೇಲೂ ಕೃಷ್ಣೆಯಲ್ಲಿ ಸುಳಿ ಇದೆ, ಮೊಸಳೆ ಇದೆ. ಹಬ್ಬದ ದಿನ ಸ್ನಾನಕ್ಕೆ ಇಳಿದು ತಿರುಗಿ ಬಾರದವರಿದ್ದಾರೆ. ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದು ದಂಡೆಯ ಅಂಬಿಗರ ಮಕ್ಕಳಿಗೆ ಗೊತ್ತು. ಬೆಂಗಳೂರಿನ ಸಾಹೇಬರಿಗೆ, ಜೀಪಿನ ಡ್ರೈವರನಿಗೆ ಗೊತ್ತಿಲ್ಲ. ಗೈಡು ಬೇಕು ಎನ್ನುವುದು ಕಥೆ ಹೇಳಲು ಮಾತ್ರವಲ್ಲ, ಜೀವ ಉಳಿಸಲು. ದೋಣಿ ಇರುವಲ್ಲಿ ಗಾಳಿ ಅಂಗಿ ಇಲ್ಲದೆ ಯಾರನ್ನೂ ಹತ್ತಿಸಬಾರದು. ಮಳೆಗಾಲದಲ್ಲಿ ಈ ಪ್ರವಾಸವೇ ಬಂದ್.

ಅಂಗಡಿಗೆ ಏನು ಲಾಭ?

"ಗುಡಿ ಮಹಾರಾಷ್ಟ್ರದಾಗ, ನಮಗೇನ್ ಬಂತು?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನರಸೋಬನ ವಾಡಿಗೆ ಹೋಗಿ ನೋಡಲಿ. ದತ್ತನ ಪಾದುಕೆಗೆ ಬಂದವರಿಂದ ಪೇಢೆ, ಬಾಸುಂದಿ ಮಾರಿ ಬೀದಿಗೆ ಬೀದಿಯೇ ಬದುಕಿದೆ. ಅಲ್ಲಿ ಮಾರುವವರಿಗೆ ಗಿರಾಕಿ ಕನ್ನಡದವನೋ ಮರಾಠಿಯವನೋ ಎಂಬ ಭೇದ ಇಲ್ಲ. ಐನಾಪುರದಿಂದ ಬೆಳಗ್ಗೆ ಆರಕ್ಕೆ ಸಿದ್ಧೇಶ್ವರನಿಗೆ ಕೈ ಮುಗಿದು ಹೊರಟ ತಂಡ ಶೇಡಬಾಳದಲ್ಲಿ ಚಹಾ ಕುಡಿಯಲೇಬೇಕು, ಕಾಗವಾಡದಲ್ಲಿ ನಾಷ್ಟಾ ಮಾಡಲೇಬೇಕು. ಖಿದ್ರಾಪುರ ನೋಡಿ ಬಂದು ಮಧ್ಯಾಹ್ನ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಮೊಸರು. ಬಿಸಿಲು ಇಳಿದ ಮೇಲೆ ಮಂಗಸೂಳಿ. ದಾರಿಯಲ್ಲಿ ಕಬ್ಬಿನ ಹಾಲು. ಇದರ ರೊಕ್ಕವೆಲ್ಲ ಈ ದಂಡೆಯ ಅಂಗಡಿಗಳಿಗೇ.

ಜಪಾನಿನ ಶಿಕೊಕು ದ್ವೀಪದಲ್ಲಿ 88 ಗುಡಿಗಳ ಸುತ್ತು ಯಾತ್ರೆ ಇದೆ. ಸುಮಾರು 1200 ಕಿಲೋಮೀಟರ್. ನಡೆದು ಹೋಗುವವರಿದ್ದಾರೆ, ಸೈಕಲ್ಲಿನವರೂ ಇದ್ದಾರೆ. ಪ್ರತಿ ಗುಡಿಯಲ್ಲೂ ಯಾತ್ರಿಕನ ಪುಸ್ತಕಕ್ಕೆ ಮುದ್ರೆ ಒತ್ತುತ್ತಾರೆ. ದಾರಿಯ ಜನ ಯಾತ್ರಿಕನಿಗೆ ಹಣ್ಣು, ಚಹಾ ಕೊಟ್ಟು ಕಳಿಸುವುದು ಅಲ್ಲಿಯ ಪುಣ್ಯದ ಕೆಲಸ. ದಾಸೋಹ ಗೊತ್ತಿದ್ದ ನಾಡಿಗೆ ಇದೇನು ಹೊಸದಲ್ಲ. ಇಲ್ಲಿಯೂ ಒಂದು ಕಾರ್ಡು ಮಾಡಿಸಿ, ಗುಡಿಯಲ್ಲಿ ಒಂದು, ಅಂಗಡಿಯಲ್ಲಿ ಒಂದು ಶಿಕ್ಕಾ ಹೊಡೆಯಿರಿ. ಖರ್ಚು ಒಂದು ರಬ್ಬರ್ ಸ್ಟಾಂಪು.

ಗಡಿಯ ಗದ್ದಲ

ಗಡಿಯ ಮಾತು ಬಿಟ್ಟರೆ ಈ ಲೇಖನ ಪೂರ್ತಿಯಾಗದು. 2022ರ ಡಿಸೆಂಬರಿನಲ್ಲಿ ಗಡಿ ತಂಟೆ ಎದ್ದಾಗ ಎರಡೂ ಕಡೆಯ ಬಸ್ಸುಗಳಿಗೆ ಮಸಿ, ಕಲ್ಲು. ಬಸ್ಸು ನಿಂತವು. ಭಾಷಣ ಮಾಡಿದವರಿಗೆ ಕಾರು ಇದ್ದವು. ಮಿರಜದ ದವಾಖಾನೆಗೆ ಹೋಗಬೇಕಾದ ಮುದುಕಿ, ಇಚಲಕರಂಜಿಗೆ ಕೆಲಸಕ್ಕೆ ಹೋಗುವ ಹುಡುಗ ಸ್ಟ್ಯಾಂಡಿನಲ್ಲಿ ಕೂತರು. ದಿನಾ ಬಂದು ಹೋಗುವ ಜನ ಹೆಚ್ಚಾದಷ್ಟೂ ಇಂಥ ಗದ್ದಲಕ್ಕೆ ಬೆಲೆ ಕಡಿಮೆ. ಅತ್ತಣ ಗಿರಾಕಿಯ ಮೇಲೆ ಇತ್ತಣ ಅಂಗಡಿ, ಇತ್ತಣ ಭಕ್ತನ ಮೇಲೆ ಅತ್ತಣ ಗುಡಿ ನಿಂತಿದ್ದರೆ ಬಸ್ಸಿಗೆ ಕಲ್ಲು ಹೊಡೆಯುವವನನ್ನು ಮೊದಲು ತಡೆಯುವವರು ವ್ಯಾಪಾರಸ್ಥರೇ.

ಆಗಬೇಕಾದದ್ದು

ಪ್ರವಾಸೋದ್ಯಮ ಎಂದರೆ ಹಂಪಿ, ಬಾದಾಮಿ ಎಂದಷ್ಟೇ ತಿಳಿದ ಸಾಹೇಬರು ಒಮ್ಮೆ ಐನಾಪುರದ ಬಸ್ಸು ಹತ್ತಲಿ. ಕೋಟಿಗಟ್ಟಲೆ ಹಣ ಯಾರೂ ಕೇಳುತ್ತಿಲ್ಲ. ಪಿಯುಸಿ ಮುಗಿಸಿ ಕೆಲಸ ಇಲ್ಲದೆ ಕಟ್ಟೆಯ ಮೇಲೆ ಕೂತ ಹತ್ತು ಹುಡುಗ ಹುಡುಗಿಯರನ್ನು ಆರಿಸಿ, ಒಂದು ತಿಂಗಳು ತರಬೇತಿ ಕೊಡಲಿ: ಗುಡಿಯ ಇತಿಹಾಸ, ಪ್ರಥಮ ಚಿಕಿತ್ಸೆ, ಈಜು, ಕನ್ನಡ-ಮರಾಠಿ ಎರಡೂ ಮಾತು. ಕೊರಳಿಗೆ ಒಂದು ಗುರುತಿನ ಚೀಟಿ ಹಾಕಲಿ. ದರ ಎಷ್ಟೆಂದು ಬೋರ್ಡಿನ ಮೇಲೆ ಬರೆಯಲಿ. ಇಲ್ಲದಿದ್ದರೆ ಗೈಡುಗಿರಿ ದಲ್ಲಾಳಿಗಿರಿ ಆಗಲು ಹೊತ್ತು ಬೇಡ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಗುಡಿಗಳಿಗೆ ತಾಯಂದಿರ ಓಡಾಟ ಬೆಳೆದಿದೆ. ಆದರೆ ಎಷ್ಟು ಗುಡಿಗಳ ಹತ್ತಿರ ಅವರಿಗೆ ನೆಟ್ಟಗೆ ಬಾಗಿಲಿರುವ ಶೌಚಾಲಯ ಇದೆ? ಮೊದಲು ಅದು. ಅಮಾಸಿ, ರವಿವಾರ ಐನಾಪುರದಿಂದ ಮಂಗಸೂಳಿ, ಜುಗೂಳದ ಕಡೆ ಬೆಳಗ್ಗೆ ಒಂದು, ಸಂಜೆ ಒಂದು ಹೆಚ್ಚಿನ ಬಸ್ಸು. ಆಮೇಲೆ ಟ್ರೇಲರಿನ ಹಿಂದೆ ದೀಪ.

ಇಷ್ಟರಲ್ಲಿ ಯಾವುದಕ್ಕೂ ವಿಧಾನಸಭೆಯ ಠರಾವು ಬೇಕಾಗಿಲ್ಲ. ಪಂಚಾಯತಿಯವರು, ಸಾರಿಗೆ ಡಿಪೋದವರು, ಕಾರ್ಖಾನೆಯವರು, ವ್ಯಾಪಾರಸ್ಥರು ಒಂದು ಸಂಜೆ ಒಂದೇ ಮೇಜಿನ ಸುತ್ತ ಕೂತರೆ ಸಾಕು. ಬರುವ ಹಂಗಾಮು ಶುರುವಾಗುವ ಮುಂಚೆ ಕೂಡ್ರುವರೇ?