ಜೀರ್ಣೋದ್ಧಾರವೋ, ನೂತನ ಸ್ವೀಕಾರವೋ? — ಹಳೆಯ ಆಟದ ಲ್ಯಾಪ್‌ಟಾಪ್ ಕುರಿತು ಒಂದು ವಿಚಾರ

ವಸ್ತುಗಳು ಹಳೆಯವಾಗುವುದು ಕಾಲಧರ್ಮ. ಸೂರು ಸೋರಿದರೆ ಹೆಂಚನ್ನು ಬದಲಿಸುವರೇ ಹೊರತು ಮನೆಯನ್ನೇ ಕೆಡಹುವವರಿಲ್ಲ. ಆದರೆ ವಿದ್ಯುನ್ಮಾನ ಯಂತ್ರಗಳ ವಿಷಯದಲ್ಲಿ ಈ ಸಹಜ ವಿವೇಕವು ಮಂಕಾಗಿರುವುದು ಕಂಡುಬರುತ್ತದೆ. ಯಂತ್ರವು ತುಸು ನಿಧಾನವಾದೊಡನೆ ಹೊಸದರ ಬೇಡಿಕೆ ಏಳುತ್ತದೆ. ತಂದೆಯಾದವನು ಸಾಲಕ್ಕೋ ಕಂತಿಗೋ ಕೈಚಾಚುತ್ತಾನೆ. ಇಂಜಿನಿಯರಿಂಗ್ ಓದಲೆಂದು 2017ರ ಸುಮಾರಿನಲ್ಲಿ ಹಿರಿಯ ಮಗನಿಗೆ ಕೊಡಿಸಿದ ಆಟದ ಲ್ಯಾಪ್‌ಟಾಪ್ ಇಂದು ಅನೇಕ ಮನೆಗಳಲ್ಲಿ ಕಿರಿಯರ ಪಾಲಿಗೆ ಬಂದಿದೆ. ಇಂಟೆಲ್ ಐ7-7700ಎಚ್‌ಕ್ಯು ಪ್ರೊಸೆಸರ್, ಎನ್ವಿಡಿಯಾದ ಜಿಟಿಎಕ್ಸ್ 1050 ಗ್ರಾಫಿಕ್ಸ್ ಚಿಪ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್—ಇದು ಆ ಕಾಲದ ಸಾಮಾನ್ಯ ಸಜ್ಜು. ಇಂತಹ ಯಂತ್ರವನ್ನು ದುರಸ್ತಿ ಮಾಡಿಸಿ ಇಟ್ಟುಕೊಳ್ಳಬೇಕೋ ಬಿಟ್ಟುಬಿಡಬೇಕೋ ಎಂಬುದೇ ಇಲ್ಲಿಯ ಪ್ರಶ್ನೆ.

ಆಯುರ್ವೇದವು ಚಿಕಿತ್ಸೆಗೆ ಮೊದಲು ನಿದಾನವನ್ನು ಹೇಳುತ್ತದೆ. ವ್ಯಾಧಿಗಳನ್ನು ಸಾಧ್ಯ, ಕೃಚ್ಛ್ರಸಾಧ್ಯ, ಅಸಾಧ್ಯ ಎಂದು ವಿಂಗಡಿಸುತ್ತದೆ. ಈ ಕ್ರಮವು ಯಂತ್ರಕ್ಕೂ ಚೆನ್ನಾಗಿ ಒಪ್ಪುತ್ತದೆ.

ಮೊದಲನೆಯದು ಸಾಧ್ಯವರ್ಗ. ವರ್ಷಗಟ್ಟಲೆ ಧೂಳು ತುಂಬಿದ ಫ್ಯಾನ್, ಒಣಗಿಹೋದ ಥರ್ಮಲ್ ಪೇಸ್ಟ್—ಇವುಗಳಿಂದ ಬಿಸಿ ಹೊರಹೋಗದೆ ನಿಲ್ಲುತ್ತದೆ. ಮೇಲೆ ಹೇಳಿದ ಪ್ರೊಸೆಸರಿನ ತಾಪದ ಮಿತಿ 100 ಡಿಗ್ರಿ ಸೆಲ್ಸಿಯಸ್. ಆ ಮಿತಿಯನ್ನು ಸಮೀಪಿಸಿದಾಗ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ಆಟವು ಮೊದಲ ಹತ್ತು ನಿಮಿಷ ಸರಾಗವಾಗಿ ಓಡಿ ಆಮೇಲೆ ತಡವರಿಸುತ್ತಿದ್ದರೆ ಈ ದೋಷವನ್ನೇ ಮೊದಲು ಶಂಕಿಸಬೇಕು. ಇದಕ್ಕೆ ಹೊಸ ಯಂತ್ರವನ್ನು ಕೊಳ್ಳುವುದು ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ.

ಎರಡನೆಯ ದೋಷವು ಹಾರ್ಡ್‌ಡಿಸ್ಕಿನದು. ತಿರುಗುವ ತಟ್ಟೆಯುಳ್ಳ ಆ ಸಾಧನವು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಟಾ ಬಗೆಯ ಎಸ್‌ಎಸ್‌ಡಿಯು ಸುಮಾರು 500 ಎಂಬಿ ಓದಬಲ್ಲುದು. ಯಂತ್ರವು ಎಚ್ಚರಗೊಳ್ಳಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಈ ಒಂದು ಬದಲಾವಣೆಯಿಂದಲೇ ಅದಕ್ಕೆ ಮರುಜನ್ಮ ಬಂದಂತಾಗುತ್ತದೆ. 8 ಜಿಬಿ ರ್‍ಯಾಮನ್ನು 16ಕ್ಕೆ ಏರಿಸುವುದೂ ಬಹುಪಾಲು ಇಂತಹ ಯಂತ್ರಗಳಲ್ಲಿ ಸುಲಭಸಾಧ್ಯ. ಇಲ್ಲೊಂದು ಎಚ್ಚರಿಕೆ ಸಲ್ಲುತ್ತದೆ: ಹಳೆಯ ಯಂತ್ರದ ಡಿಡಿಆರ್4 ರ್‍ಯಾಮ್ ಡಿಡಿಆರ್5 ಬಳಸುವ ಹೊಸ ಯಂತ್ರಗಳಿಗೆ ಕೂಡದು, ಎಸ್‌ಎಸ್‌ಡಿಯಾದರೋ ಮುಂದೆಯೂ ಒಂದಲ್ಲ ಒಂದು ಬಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಆದುದರಿಂದ ಹಣ ಮಿತವಾಗಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಸಲ್ಲಬೇಕು. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ತೀವ್ರವಾಗಿ ಏರಿತೆಂಬುದನ್ನೂ ನೆನೆದು, ಅಂಗಡಿಯಲ್ಲಿ ಆ ದಿನದ ಬೆಲೆಯನ್ನು ವಿಚಾರಿಸಿಯೇ ಮುಂದುವರಿಯುವುದು ಲೇಸು.

ಬ್ಯಾಟರಿ, ಕೀಬೋರ್ಡ್, ಮುರಿದ ಕೀಲು, ಪರದೆ—ಇವು ಕೃಚ್ಛ್ರಸಾಧ್ಯ. ಬಿಡಿಭಾಗ ದೊರೆಯುವುದು ಕಷ್ಟ, ಕೂಲಿ ಹೆಚ್ಚು. ಊದಿಕೊಂಡ ಬ್ಯಾಟರಿಯನ್ನಂತೂ ಒಂದು ದಿನವೂ ಒಳಗಿಡಲಾಗದು. ಅದು ಬೆಂಕಿಗೆ ಕಾರಣವಾದೀತು.

ಇನ್ನುಳಿದುದು ಅಸಾಧ್ಯವರ್ಗ. ಇಂತಹ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಮದರ್‌ಬೋರ್ಡಿಗೆ ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಹಳೆಯ ಕಾರ್ಡನ್ನು ತೆಗೆದು ಹೊಸದನ್ನು ಹಾಕುವಂತೆ ಇಲ್ಲಿ ಹಾಕಲಾಗದು. ಇದೇ ಈ ವಿಚಾರದ ಮರ್ಮಸ್ಥಾನ. ಎಷ್ಟು ರ್‍ಯಾಮ್ ಸೇರಿಸಿದರೂ ಗ್ರಾಫಿಕ್ಸ್ ಚಿಪ್ಪಿನ ಶಕ್ತಿ ಹೆಚ್ಚದು. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’ ಎಂಬ ಆಟವು ರೇ ಟ್ರೇಸಿಂಗ್ ಸೌಲಭ್ಯವುಳ್ಳ ಚಿಪ್ಪನ್ನೇ ಬಯಸುತ್ತದೆ. ಜಿಟಿಎಕ್ಸ್ 1050ರಲ್ಲಿ ಅದಿಲ್ಲ. ಇಂತಹ ಆಟಗಳೇ ಬೇಕೆನ್ನುವವನು ಹಳೆಯ ಯಂತ್ರಕ್ಕೆ ಹಣ ಸುರಿಯುವುದು ಬರಡು ನೆಲಕ್ಕೆ ಗೊಬ್ಬರ ಹಾಕಿದಂತೆ.

ಇಲ್ಲಿ ಒಂದು ಪೂರ್ವಪಕ್ಷ ಏಳಬಹುದು: “ಆಟದ ಮಾತು ಹಾಗಿರಲಿ, ಹಳೆಯ ಯಂತ್ರವು ಸುರಕ್ಷಿತವೆ?” ಈ ಆಕ್ಷೇಪಕ್ಕೆ ಬಲವುಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಗೃಹಬಳಕೆದಾರರಿಗೆ ವಿಸ್ತರಿಸಿದ ಸುರಕ್ಷಾ ಸೌಲಭ್ಯಕ್ಕೂ ಒಂದು ವರ್ಷದ ಅವಧಿಯನ್ನಷ್ಟೇ ಗೊತ್ತುಮಾಡಲಾಯಿತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯನ್ನೂ ಅದಕ್ಕೆ ಮೇಲ್ಪಟ್ಟವನ್ನೂ ಮಾತ್ರ ಒಪ್ಪುತ್ತದೆ, ಐ7-7700ಎಚ್‌ಕ್ಯು ಏಳನೆಯದು. ಎನ್ವಿಡಿಯಾ ಸಹ ಜಿಟಿಎಕ್ಸ್ 1050ರ ಪೀಳಿಗೆಗೆ ಹೊಸ ಆಟಗಳಿಗಾಗಿ ಡ್ರೈವರ್ ಒದಗಿಸುವುದನ್ನು 2025ರ ಅಕ್ಟೋಬರಿಗೆ ಮುಗಿಸಿ, ಸುರಕ್ಷಾ ಪರಿಷ್ಕರಣೆಯನ್ನು ಮಾತ್ರ 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ಪ್ರಕಟಿಸಿತು.

ಸಮಾಧಾನವು ಇದು: ಕಂಪನಿಯ ಬೆಂಬಲ ಮುಗಿದರೂ ಯಂತ್ರದ ಆಯುಷ್ಯ ಮುಗಿಯಬೇಕಾಗಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಇದರ ಮೇಲೆ ನೆಲೆಗೊಳಿಸಬಹುದು. ಕನ್ನಡ ಬರೆಹ, ಲೆಕ್ಕಪತ್ರ, ಪ್ರೋಗ್ರಾಮಿಂಗ್ ಅಭ್ಯಾಸಗಳಿಗೆ ಅದು ಸಾಕಷ್ಟಾಯಿತು. ವಿಂಡೋಸಿಗೆಂದು ರಚಿಸಿದ ಅನೇಕ ಆಟಗಳೂ ಪ್ರೋಟಾನ್ ಎಂಬ ಸಾಧನದ ಮೂಲಕ ಅಲ್ಲಿ ಓಡುತ್ತವೆ. ವ್ಯಾಲೊರಂಟ್‌ನಂತಹ ಕೆಲವು ಮಾತ್ರ ಓಡವು.

ಆದುದರಿಂದ ನಿರ್ಣಯವು ಯಂತ್ರದ ವಯಸ್ಸನ್ನಲ್ಲ, ಪ್ರಯೋಜನವನ್ನು ಅನುಸರಿಸಬೇಕು. ಓದಿಗೂ ಹಳೆಯ ಆಟಗಳಿಗೂ ಬೇಕಾದರೆ ಜೀರ್ಣೋದ್ಧಾರವೇ ಸರಿ. ಆದರೆ ಒಟ್ಟು ಖರ್ಚು ಹೊಸ ಯಂತ್ರದ ಬೆಲೆಯ ಕಾಲುಭಾಗವನ್ನು ಮೀರದಿರಲಿ. ಹೊಸ ಆಟವೋ ಮೂರು ಆಯಾಮದ ವಿನ್ಯಾಸದಂತಹ ವೃತ್ತಿಯೋ ಗುರಿಯಾಗಿದ್ದರೆ, ಧೂಳನ್ನಷ್ಟೇ ತೆಗೆಸಿ, ಉಳಿದ ಹಣವನ್ನು ಹೊಸದಕ್ಕಾಗಿ ಕೂಡಿಡುವುದು ಸರಿ. ಅಷ್ಟಿಷ್ಟು ಎಂದು ಹಳೆಯದಕ್ಕೆ ಸುರಿದು, ಆರು ತಿಂಗಳಲ್ಲಿ ಹೊಸದನ್ನೂ ಕೊಳ್ಳುವ ಮಧ್ಯಮಾರ್ಗವೇ ಎಲ್ಲಕ್ಕಿಂತ ದುಬಾರಿಯಾದುದು.

ಹೊಸದನ್ನು ಕೊಂಡವರಿಗೆ ಇನ್ನೊಂದು ಕರ್ತವ್ಯ ಉಳಿಯುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧ ಮರುಬಳಕೆಗೆ ಸಂದುದು ಶೇಕಡಾ 22.3 ಮಾತ್ರ. ಹಳೆಯ ಲ್ಯಾಪ್‌ಟಾಪನ್ನು ಶಾಲೆಗೆ ಕೊಡುವ ಹಳೆಯ ವಿದ್ಯಾರ್ಥಿಗಳ ಉದ್ದೇಶವು ಇದರಿಂದ ಶ್ಲಾಘನೀಯವೇ ಆಗುತ್ತದೆ. ಆದರೆ ಕಠೋಪನಿಷತ್ತಿನ ವಾಜಶ್ರವಸನು ಹಾಲು ಬತ್ತಿದ ಮುದಿ ಗೋವುಗಳನ್ನು ದಾನಕ್ಕೆ ಹೊರಡಿಸಿದಾಗ ಬಾಲಕ ನಚಿಕೇತನಿಗಾದ ವ್ಯಥೆಯನ್ನು ದಾನಿಗಳು ಮರೆಯಬಾರದು. ಸ್ವಂತ ಕಡತಗಳನ್ನು ಅಳಿಸಿ, ಎಸ್‌ಎಸ್‌ಡಿ ಹಾಕಿಸಿ, ಚಾರ್ಜರ್ ಸಮೇತ, ಓಡುವ ಸ್ಥಿತಿಯಲ್ಲಿ ಕೊಟ್ಟರೆ ಒಂದು ಯಂತ್ರದಿಂದ ತರಗತಿಯ ಹಲವು ಮಕ್ಕಳು ಕಲಿಯುತ್ತಾರೆ. ಕೆಟ್ಟುನಿಂತುದನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸತಕ್ಕದ್ದು. ಅದನ್ನು ತಂದು ಶಾಲೆಯ ಉಗ್ರಾಣದಲ್ಲಿ ಪೇರಿಸಿದರೆ ಉಪಾಧ್ಯಾಯರಿಗೆ ಜಾಗದ ತಾಪತ್ರಯವಲ್ಲದೆ ಬೇರೇನೂ ದೊರೆಯದು.