ಹಳೆಯ ಪಾತ್ರೆಗೆ ಹೊಸ ಕೆಲಸ

ಬೆಳ್ತಂಗಡಿಯ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಉಪ್ಪಿನಕಾಯಿಯ ಭರಣಿ, ಮರದ ಮರಿಗೆ, ತಾಮ್ರದ ಹಂಡೆಗಳು ಇಂದಿಗೂ ಉಂಟು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೊಂದೇ ಇಂಥವುಗಳಿಗೆ ತಕ್ಕ ನೆಲೆಯೆಂದು ಭಾವಿಸಬೇಕಾಗಿಲ್ಲ; ಮನೆಯನ್ನು ಅಣಿಯಾಗಿಡಲು ಅವು ಈಗಲೂ ಒದಗಬಲ್ಲವು.

ಉಪ್ಪು ಗಾಳಿಯ ತೇವವನ್ನು ಹೀರಿ ನೀರೊಡೆಯುವ ವಸ್ತು. ಭರಣಿಯ ಮೈಗೆ ಗಾಜಿನಂತಹ ಲೇಪವಿರುವುದರಿಂದ ತೇವ ಒಳಗಿಳಿಯದು. ಬಿಗಿಯಾದ ಮುಚ್ಚಳವೊಂದಿದ್ದರೆ ನಮ್ಮ ಮಳೆಗಾಲದಲ್ಲಿ ಉಪ್ಪಿಗೆ ಅದಕ್ಕಿಂತ ಉತ್ತಮ ಭಂಡಾರ ಬೇಕಿಲ್ಲ. ಲೇಪ ಬಿರಿದಿದ್ದರೆ ಸೌಟುಗಳನ್ನು ನಿಲ್ಲಿಸಲು ಅದೇ ಸಾಕು. ತಾಮ್ರದ ಹಂಡೆಯಲ್ಲಿ ಹುಳಿ ಪದಾರ್ಥವಿಟ್ಟರೆ ಲೋಹವು ಕರಗಿ ಆಹಾರವನ್ನು ಸೇರುತ್ತದೆ; ಅದರಲ್ಲಿ ಕಟ್ಟಿಗೆ ತುಂಬಿಡಬಹುದು.

ಆದರೆ ಇದೇ ಮಿತವ್ಯಯದ ಬುದ್ಧಿಯಿಂದ, ತೋಟಕ್ಕೆ ತಂದ ಕೀಟನಾಶಕದ ಡಬ್ಬಿಯನ್ನು ತೊಳೆದು ಅಕ್ಕಿಗೋ ನೀರಿಗೋ ಬಳಸುವುದು ಸರಿಯಲ್ಲ. ಪ್ಲಾಸ್ಟಿಕ್ಕಿನ ಒಡಲು ವಿಷವನ್ನು ಹೀರಿಕೊಂಡಿರುತ್ತದೆ. ಸಾಬೂನಿಗೆ ಅದು ಪೂರ್ತಿಯಾಗಿ ಬಿಡದು. ಗೇರುತೋಪುಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಕೊಕ್ಕಡದ ಜನ ಪಟ್ಟ ಸಂಕಟವನ್ನು ಬಲ್ಲ ತಾಲೂಕಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆಯಿತು. ಮನೆಯ ಮೂಲೆಯ ಡಬ್ಬಿಯನ್ನು ತಡೆಯಬೇಕಾದವರು ನಾವೇ. ಅದನ್ನು ತೂತುಮಾಡಿ, ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು.

ಹಳೆಯ ವಸ್ತುವಿಗೆ ಹೊಸ ಕೆಲಸ ಕೊಡುವ ಮೊದಲು ಅದರ ಹಿಂದಿನ ಕೆಲಸವೇನಿತ್ತೆಂದು ವಿಚಾರಿಸುವುದೇ ನಿಜವಾದ ಜಾಣತನ.