ಪಾಚಿಯನ್ನು ಉರಿಸುವುದೋ, ಹೊಲಕ್ಕೆ ಉಣಿಸುವುದೋ

ಚಿಂತಾಮಣಿಯ ಗೊಬ್ಬರದಂಗಡಿಗಳ ಕಪಾಟಿನಲ್ಲಿ ಕಡುಗಂದು ದ್ರವ ತುಂಬಿದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಮೇಲೆ ಸಮುದ್ರ ಪಾಚಿಯ ಸಾರ ಎಂದು ಬರೆದಿರುತ್ತದೆ. ಇಫ್ಕೋದ ‘ಸಾಗರಿಕಾ’ ಅಂಥವುಗಳಲ್ಲೊಂದು. ಟೊಮೆಟೊ ಬೆಳೆಯುವವರು, ದ್ರಾಕ್ಷಿ ತೋಟದವರು ಅದನ್ನು ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸುತ್ತಾರೆ. ಸಮುದ್ರ ಕಾಣದ ಸೀಮೆಗೆ ಸಮುದ್ರದ ಬೆಳೆ ಹೀಗೆ ಬಾಟಲಿಯೊಳಗೆ ಬಂದು ಸೇರಿದೆ. ಆದರೆ ಕಡಲಲ್ಲಿ ಪಾಚಿ ಬೆಳೆಯಲು ಹೊರಟವರಲ್ಲಿ ಹಲವರು ಮೊದಲು ಕನಸು ಕಂಡದ್ದು ಗಿಡದ ಟಾನಿಕ್ಕಿನದಲ್ಲ, ವಾಹನಕ್ಕೆ ಹಾಕುವ ಇಂಧನದ್ದು.

ಬೆಂಗಳೂರಿನ ಸೀ ಸಿಕ್ಸ್ ಎನರ್ಜಿ ಎಂಬ ಕಂಪನಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 2010ರಲ್ಲಿ ಶುರುವಾದ ಈ ಕಂಪನಿಯ ಹೆಸರಿನಲ್ಲೇ ಎನರ್ಜಿ ಇದೆ. ಸಮುದ್ರದ ಪಾಚಿಯಲ್ಲಿ ಮರದ ನಾರಿನ ಗಡಸು ಅಂಶ ಇಲ್ಲವೆಂಬಷ್ಟು ಕಡಿಮೆ, ಆದ್ದರಿಂದ ಅದರ ಸಕ್ಕರೆಯನ್ನು ಸುಲಭವಾಗಿ ಬಿಡಿಸಿ ಎಥೆನಾಲ್ ಮಾಡಬಹುದು ಎಂಬುದು ಅವರ ಮೂಲ ಲೆಕ್ಕ. 2012ರಲ್ಲಿ ಡೆನ್ಮಾರ್ಕಿನ ಕಿಣ್ವ ತಯಾರಕ ನೊವೊಜೈಮ್ಸ್ ಜತೆ ಇದಕ್ಕಾಗಿಯೇ ಒಪ್ಪಂದವೂ ಆಯಿತು. ಕಡಲಲ್ಲಿ ನೆಡುವುದಕ್ಕೂ ಕೊಯ್ಯುವುದಕ್ಕೂ ಟ್ರ್ಯಾಕ್ಟರಿನಂಥ ಯಂತ್ರವನ್ನು ಅವರು ರೂಪಿಸಿದರು. ಆದರೆ ಮಾರುಕಟ್ಟೆಗೆ ಮೊದಲು ಬಂದದ್ದು ಬೆಳೆಗೆ ಸಿಂಪಡಿಸುವ ಪಾಚಿಯ ಸಾರ. ಇದನ್ನು ಸೋಲು ಎನ್ನಲಾರೆ. ಪಾಚಿ ತನ್ನ ನಿಜವಾದ ಬೆಲೆಯನ್ನು ತಾನೇ ಹೇಳಿಕೊಂಡ ಬಗೆ ಅದು. ಐಸ್‌ಕ್ರೀಮಿಗೂ ಟೂತ್‌ಪೇಸ್ಟಿಗೂ ಗಟ್ಟಿತನ ಕೊಡುವ ಕ್ಯಾರಗೀನನ್ ಆಗಿಯೋ, ಗಿಡದ ಸಾರವಾಗಿಯೋ ಒಳ್ಳೆಯ ಬೆಲೆ ತರುವ ವಸ್ತುವನ್ನು ಯಾರೂ ಟ್ಯಾಂಕಿಗೆ ಸುರಿದು ಉರಿಸುವುದಿಲ್ಲ.

ಹಾಗಿದ್ದರೂ ಕಡಲಿನ ಇಂಧನದ ಆಸೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಅದರ ನ್ಯಾಯ ನಮ್ಮಂಥ ಒಣಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಗೌರಿಬಿದನೂರಿನ ಮೆಕ್ಕೆಜೋಳವನ್ನೇ ನೋಡಿ. ನಿನ್ನೆಯವರೆಗೂ ಅದು ಕೋಳಿ ಸಾಕುವವರ ಧಾನ್ಯ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಮಟ್ಟವನ್ನು ದೇಶ 2025ರಲ್ಲಿ ಮುಟ್ಟುವ ಹೊತ್ತಿಗೆ ಮೆಕ್ಕೆಜೋಳ ಎಥೆನಾಲಿನ ದೊಡ್ಡ ಮೂಲವಾಗಿಬಿಟ್ಟಿತ್ತು. ಒಂದೇ ತೆನೆಗೆ ಈಗ ಕೋಳಿಯೂ ಕಾರೂ ಪೈಪೋಟಿಗೆ ನಿಂತಿವೆ. ಆ ತೆನೆ ಬೆಳೆದದ್ದು ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೆಲದಲ್ಲಿ. ಕಡಲಿಗೆ ಹೊಲ ಬೇಡ, ಸಿಹಿನೀರು ಬೇಡ, ಕೊಂಡ ಯೂರಿಯಾ ಬೇಡ. ಊಟದ ತಟ್ಟೆಗೆ ಕೈಹಾಕದೆ ಇಂಧನ ಬೆಳೆಯಬಹುದಾದರೆ ಬೇಡವೆನ್ನುವವರು ಯಾರು?

ಆದರೆ ಈ ಆಸೆಗೆ ಐವತ್ತು ವರ್ಷದ ವಯಸ್ಸಾಗಿದೆ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದವರು ಕ್ಯಾಲಿಫೋರ್ನಿಯಾದ ಕಡಲಲ್ಲಿ ದೈತ್ಯ ಪಾಚಿಯ ತೋಟ ಕಟ್ಟಲು ನೋಡಿದರು. 1978ರಿಂದ 1996ರವರೆಗೆ ಅಲ್ಲಿನ ಇಂಧನ ಇಲಾಖೆ ಎಣ್ಣೆ ಕೊಡುವ ಸೂಕ್ಷ್ಮ ಪಾಚಿಗಳನ್ನು ಸಾವಿರಾರು ಬಗೆಯಲ್ಲಿ ಸಂಗ್ರಹಿಸಿ ಪರೀಕ್ಷಿಸಿ, ಖರ್ಚು ಗಿಟ್ಟದೆಂದು ಕೈಬಿಟ್ಟಿತು. 2009ರಲ್ಲಿ ಎಕ್ಸಾನ್ ಮೊಬಿಲ್ ಕಂಪನಿ ಜೀನ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಂಸ್ಥೆಯೊಡನೆ ಸೇರಿ 60 ಕೋಟಿ ಡಾಲರಿನವರೆಗೆ ಸುರಿಯುವುದಾಗಿ ಸಾರಿತು. 2023ರಲ್ಲಿ ಅದೂ ಹಿಂದೆ ಸರಿಯಿತು. ಹಣ, ವಿಜ್ಞಾನಿಗಳು, ಕಾಲ ಮೂರೂ ಕೈತುಂಬ ಇದ್ದವರಿಗೇ ಇದು ಆಗಲಿಲ್ಲ.

ತೊಡಕು ಪಾಚಿ ಬೆಳೆಯುವುದರಲ್ಲಿಲ್ಲ, ಅದನ್ನು ಹಿಡಿಯುವುದರಲ್ಲಿದೆ. ಹಸಿರಾಗಿ ಕಾಣುವ ಕೊಳದ ಒಂದು ಲೀಟರ್ ನೀರಿನಲ್ಲಿ ಸೂಕ್ಷ್ಮ ಪಾಚಿ ಒಣತೂಕದಲ್ಲಿ ಅರ್ಧ ಗ್ರಾಂ ಆಸುಪಾಸು ಇರುತ್ತದೆ, ಅಷ್ಟೆ. ಒಂದು ಕಿಲೋ ಪಾಚಿಗೆ ಎರಡು ಸಾವಿರ ಲೀಟರ್ ನೀರನ್ನು ಸೋಸಬೇಕು. ತೂಕದಲ್ಲಿ ಕಾಲುಭಾಗ ಎಣ್ಣೆ ಎಂದು ಉದಾರವಾಗಿ ಹಿಡಿದರೂ ಒಂದು ಲೀಟರ್ ಎಣ್ಣೆಗೆ ಏಳು ಸಾವಿರ ಲೀಟರ್ ನೀರು ಸೋಸಿ, ಸಿಕ್ಕಿದ್ದನ್ನು ಒಣಗಿಸಿ, ಎಣ್ಣೆ ಬಿಡಿಸಬೇಕು. ಈ ಪ್ರತಿ ಹೆಜ್ಜೆಗೂ ಕರೆಂಟು ಬೇಕು. ಬೆಳೆದ ಇಂಧನ ತನ್ನನ್ನು ಕೊಯ್ಯುವುದಕ್ಕೇ ಖರ್ಚಾಗುವ ಬೆಳೆ ಅದು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳುತ್ತ ಬಂದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಹಸಿರು ಇಂಧನದ ಯಾವ ಯೋಜನೆ ಬಂದರೂ ಅವರ ಊರಿನವರಾದ ನಾವು ಮೊದಲು ಕೇಳಬೇಕಾದ್ದು ಇದನ್ನೇ: ಹಾಕುವ ಶಕ್ತಿ ಎಷ್ಟು, ಬರುವ ಶಕ್ತಿ ಎಷ್ಟು?

ಇಷ್ಟು ಪ್ರಯತ್ನಗಳಲ್ಲಿ ನನಗೆ ಬಹಳ ಬುದ್ಧಿವಂತಿಕೆಯದು ಎನಿಸುವುದು ನಾಸಾದ ಜೊನಾಥನ್ ಟ್ರೆಂಟ್ ಮತ್ತು ಅವರ ತಂಡದ ‘ಒಮೆಗಾ’. ಕರಾವಳಿಯ ನಗರಗಳು ಸಂಸ್ಕರಿಸಿ ಕಡಲಿಗೆ ಬಿಡುವ ಕೊಳಚೆ ನೀರನ್ನು ತೇಲುವ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಅದರಲ್ಲಿ ಸಿಹಿನೀರಿನ ಪಾಚಿ ಬೆಳೆಸುವ ಉಪಾಯ ಅದು. ಅಲೆ ಚೀಲವನ್ನು ಕಲಕುತ್ತದೆ, ಕಡಲು ತಂಪು ಮಾಡುತ್ತದೆ, ಕೊಳಚೆ ಗೊಬ್ಬರ ಕೊಡುತ್ತದೆ. ಚೀಲ ಹರಿದರೂ ಸಿಹಿನೀರಿನ ಪಾಚಿ ಉಪ್ಪುನೀರಿನಲ್ಲಿ ಬದುಕದು, ಆದ್ದರಿಂದ ಹಾವಳಿಯಾಗದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಿಕ್ಕ ಪ್ರಮಾಣದಲ್ಲಿ ನಡೆಸಿ ತೋರಿಸಿದರು. ನೀರು ಶುದ್ಧವಾಯಿತು, ಪಾಚಿ ಬೆಳೆಯಿತು. ಬರೀ ಇಂಧನಕ್ಕಾಗಿ ಎಂದರೆ ಮಾತ್ರ ಲೆಕ್ಕ ಕೂಡಲಿಲ್ಲ.

ಈ ಕಥೆಯನ್ನು ಓದಿದಾಗ ನನ್ನ ಮನಸ್ಸು ಕ್ಯಾಲಿಫೋರ್ನಿಯಾದಲ್ಲಿ ನಿಲ್ಲಲಿಲ್ಲ, ನಮ್ಮ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂತು. ಬೆಂಗಳೂರಿಗೆ ಕಡಲಿಲ್ಲ. ಅದರ ಕೊಳಚೆಗೆ ಈಗ ಕಡಲು ನಾವೇ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರನ್ನು ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ಹರಿಸುವುದು ಗುರಿ. ಅವುಗಳಲ್ಲಿ ಹೆಚ್ಚಿನವು ಚಿಕ್ಕಬಳ್ಳಾಪುರ ಜಿಲ್ಲೆಯವು. ಅತ್ತ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈನಲ್ಲಿ ಅಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ನೀರು ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಅಂದಿನಿಂದ ಕೇಳುತ್ತಲೇ ಇದ್ದಾರೆ.

ಎರಡನೇ ಹಂತ ಕೊಳೆಯನ್ನು ತೆಗೆಯುತ್ತದೆ, ಆದರೆ ಸಾರಜನಕ, ರಂಜಕಗಳ ಬಹುಪಾಲನ್ನು ನೀರಿನಲ್ಲೇ ಬಿಡುತ್ತದೆ. ಪಾಚಿಗೆ ಅದೇ ಹಬ್ಬದೂಟ. ಹಾಗಾಗಿ ನಮ್ಮ ಕೆರೆಗಳಲ್ಲಿ ಪಾಚಿ ಬೇಸಾಯ ಯಾರೂ ಬಿತ್ತದೆ ಆಗಲೇ ನಡೆಯುತ್ತಿದೆ. ಲೀಟರಿಗೆ 10 ಮಿಲಿಗ್ರಾಂ ಸಾರಜನಕ ಎಂದು ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಗುರಿಯಷ್ಟು ನೀರು ಬಂದರೆ ದಿನಕ್ಕೆ 2,100 ಕಿಲೋ ಸಾರಜನಕ. 45 ಕಿಲೋ ಯೂರಿಯಾ ಮೂಟೆಯಲ್ಲಿರುವುದು 20 ಕಿಲೋ ಚಿಲ್ಲರೆ. ಎಂದರೆ ದಿನಬೆಳಗಾದರೆ ನೂರು ಮೂಟೆ ಯೂರಿಯಾಕ್ಕೆ ಸಮನಾದ ಸತ್ವ ಪೈಪಿನಲ್ಲಿ ಹರಿದು ಬರುತ್ತದೆ. ಅದೆಲ್ಲವನ್ನೂ ಪಾಚಿ ಹೀರಿದರೆ ಸುಮಾರು 28 ಟನ್ ಒಣಪಾಚಿ. ದಿನಕ್ಕೆ ಚದರ ಮೀಟರಿಗೆ 15 ಗ್ರಾಂ ಬೆಳೆದರೆ ಅದಕ್ಕೆ 460 ಎಕರೆ ಕೊಳ ಬೇಕು. ಕೊಳಚೆಯಲ್ಲಿ ಬೇಗ ಬೆಳೆದ ಪಾಚಿಯಲ್ಲಿ ಎಣ್ಣೆ ಕಡಿಮೆ. ನೂರಕ್ಕೆ 15ರಂತೆ ಹಿಡಿದರೆ ಸಿಗುವುದು ನಾಲ್ಕೂವರೆ ಸಾವಿರ ಲೀಟರ್ ಮೇಲೆ ಸ್ವಲ್ಪ. ಇಷ್ಟೆಲ್ಲ ಮಾಡಿ ಅರ್ಧ ಟ್ಯಾಂಕರ್ ಎಣ್ಣೆ! ಒಂದು ಕಡೆ ದಿನಕ್ಕೆ ಅರ್ಧ ಟ್ಯಾಂಕರ್, ಇನ್ನೊಂದು ಕಡೆ ನೂರು ಮೂಟೆಯ ಸತ್ವ ಮತ್ತು ಶುದ್ಧವಾದ ನೀರು. ಪಾಚಿಯ ಕೆಲಸ ಮೊದಲು ನೀರು ತೊಳೆಯುವುದು, ಆಮೇಲೆ ಮಣ್ಣಿಗೆ ಉಣಿಸುವುದು. ಉರಿಯುವುದು ಕಟ್ಟಕಡೆಯದು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಇದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದರಲ್ಲ, ಆ ಕಪ್ಪು ಗೋಡಿನ ಫಲವತ್ತಿನಲ್ಲಿ ಮಳೆಗಾಲ ಚಳಿಗಾಲಗಳಲ್ಲಿ ಬೆಳೆದು ಸತ್ತು ತಳ ಸೇರಿದ ಪಾಚಿ ಜೊಂಡುಗಳ ಪಾಲೂ ಇತ್ತು. ಕೆರೆ ನೀರು ಹಿಡಿಯುತ್ತಿತ್ತು, ಪಾಚಿ ಸತ್ವ ಹಿಡಿಯುತ್ತಿತ್ತು, ಎತ್ತು ಅದನ್ನು ರಾಗಿ ಹೊಲಕ್ಕೆ ಎಳೆಯುತ್ತಿತ್ತು. ಬದುವಿನ ಹೊಂಗೆಯದೂ ಇದೇ ಧರ್ಮ. ಸೊಪ್ಪು, ಹೂವು, ಹಿಂಡಿ ಎಲ್ಲವೂ ಹೊಲಕ್ಕೆ. ಬೀಜದ ಎಣ್ಣೆ ಮಾತ್ರ ದೀಪಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದಾಗಲೂ ಹಿಂಡಿ ಹೊಲದ ಪಾಲಾಗಿಯೇ ಉಳಿಯಿತು. ಇಂಧನ ತೆಗೆದ ಮೇಲೂ ಗೊಬ್ಬರ ಉಳಿಯುವ ಮರ ಅದು. ಕೊಯ್ಯಲು ಪಂಪೂ ಬೇಡ, ಜರಡಿಯೂ ಬೇಡ. ಅದನ್ನು ಬದುಗಳಿಂದ ಕಡಿದು ಹಾಕಿದ ಮೇಲೆ ಕಡಲಿನ ಎಣ್ಣೆಗೆ ಕಾಯುವುದು ನನಗೆ ಸಂಕಟದ ಸಂಗತಿ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ, ಬರಲೇಬೇಕು. ಹಳೆಯ ಗೋಡು ಮಳೆನೀರಿನದು. ಇಂದಿನ ನೀರು ಮಹಾನಗರದ್ದು. ಪಾಚಿ ಸಾರಜನಕದ ಜೊತೆಗೆ ಸೀಸ, ಕ್ರೋಮಿಯಂನಂಥ ಲೋಹಗಳನ್ನೂ ಹೀರುತ್ತದೆ. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ದನಕರುಗಳಿಗೂ ಮನುಷ್ಯರಿಗೂ ಕೆಡುಕು ಮಾಡುವ ನಂಜನ್ನು ತಾವೇ ಬಿಡುತ್ತವೆ. ಅಂಥದ್ದನ್ನು ಹಿಪ್ಪುನೇರಳೆಗೆ ಹಾಕಿ, ಆ ಸೊಪ್ಪನ್ನು ಹುಳುವಿಗೆ ಹಾಕಿ, ಹುಳು ನರಳಿದರೆ ಹೊಣೆ ಯಾರು? ಆದ್ದರಿಂದ ನನ್ನ ನಿಲುವಿಗೆ ನಾನೇ ಒಂದು ಷರತ್ತು ಹಾಕುತ್ತೇನೆ. ಪರೀಕ್ಷೆಯಲ್ಲಿ ಲೋಹ, ನಂಜು ಕಂಡ ಪಾಚಿ ಹೊಲಕ್ಕೆ ಹೋಗಕೂಡದು. ಇಂಧನವಾಗುವ ಸರದಿ ಅದರದು. ಆಗಲೂ ಅದನ್ನು ಒಣಗಿಸಿ ಎಣ್ಣೆ ಹಿಂಡುವ ದುಬಾರಿ ದಾರಿ ಬೇಕಿಲ್ಲ. ಹಸಿಯಾಗಿಯೇ ಗೋಬರ್ ಗ್ಯಾಸಿನ ಗುಂಡಿಯಂಥ ತೊಟ್ಟಿಗೆ ಹಾಕಿ ಅನಿಲ ಪಡೆಯಬಹುದು, ಉಳಿದ ಬಗ್ಗಡವನ್ನು ಹೊಲಕ್ಕೆ ಬಿಡದೆ ಬೇರೆಯೇ ವಿಲೇವಾರಿ ಮಾಡಬೇಕು. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಒಲೆಗಳು ಇನ್ನೂ ಸೌದೆ ಉರಿಸುತ್ತಿವೆ. ಪಾಚಿಯ ಅನಿಲಕ್ಕೆ ನಮ್ಮಲ್ಲಿ ಗಿರಾಕಿ ಹುಡುಕಬೇಕಾದರೆ ಅಲ್ಲಿ ಹುಡುಕಬೇಕು, ಪೆಟ್ರೋಲ್ ಬಂಕಿನಲ್ಲಲ್ಲ.

ಇದಕ್ಕೆ ಬೇಕಾದ ಅರಿವು ದೂರದಲ್ಲೇನೂ ಇಲ್ಲ. ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿಂದ, ಅವುಗಳನ್ನು ಕೊಲ್ಲದೆ, ಹಸುವಿನಿಂದ ಹಾಲು ಕರೆದಂತೆ ಎಣ್ಣೆ ಪಡೆಯುವ ಸಾಧ್ಯತೆಯನ್ನು 2009ರಲ್ಲೇ ಮುಂದಿಟ್ಟವರು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಡಯಾಟಮ್‌ಗಳನ್ನು ಇಂಧನದ ದೃಷ್ಟಿಯಿಂದ ಅಧ್ಯಯನ ಮಾಡಿದವರೂ ಅವರೇ. ಬೆಂಗಳೂರಿನ ಕೊಳಚೆ ಮತ್ತು ಕೆರೆಗಳ ಮೇಲೆ ವರ್ಷಗಟ್ಟಲೆ ದುಡಿದ ತಂಡವೂ ಅದೇ. ನಮ್ಮ ದಾರಿಯಲ್ಲೇ ಸಿಗುವ ಜಕ್ಕೂರಿನಲ್ಲಿ ಸಂಸ್ಕರಣಾ ಘಟಕದಿಂದ ಹೊರಟ ನೀರು ಜೊಂಡಿನ ಜೌಗು ಮತ್ತು ಪಾಚಿಯ ಕೊಳವನ್ನು ದಾಟಿಯೇ ಕೆರೆ ಸೇರುತ್ತದೆ. ಅಲ್ಲಿ ಜೊಂಡೂ ಪಾಚಿಯೂ ಸಾರಜನಕವನ್ನು ತಗ್ಗಿಸುತ್ತವೆ ಎಂದು ವಿಜ್ಞಾನ ಸಂಸ್ಥೆಯವರು ಅಳೆದು ತೋರಿಸಿದ್ದಾರೆ. ಬೆಂಗಳೂರಿನವರು ತಮ್ಮ ಕೆರೆಗೆ ಮಾಡಿಕೊಂಡದ್ದನ್ನು ನಮ್ಮ ಕೆರೆಗಳಿಗೂ ಮಾಡಿಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ. ಅದು ಅವರು ಬಳಸಿ ಬಿಟ್ಟ ನೀರು. ಅಂತರ್ಜಲಕ್ಕೆ ಇಳಿದು ನಮ್ಮ ಕೊಳವೆಬಾವಿಗಳಲ್ಲಿ ಮೇಲೆ ಬರುವುದೂ ಅದೇ ನೀರು.

ಕಡಲಿನಲ್ಲಿ ಇಂಧನ ಬೆಳೆಯುವವರು ಬೆಳೆಯಲಿ. ಖರ್ಚು ಗಿಟ್ಟುವ ದಿನ ಬಂದರೆ ಲೋಕಕ್ಕೆಲ್ಲ ಲಾಭ. ನಾವು ಮಾಡಬೇಕಾದ್ದು ಕೈಗೆಟಕುವ ದೂರದಲ್ಲಿದೆ. ಕಂದವಾರ ಕೆರೆಗೆ ಪೈಪಿನ ನೀರು ಬೀಳುವ ಬಾಯಲ್ಲೇ, ಕೆರೆಯಂಗಳದ ಒಂದು ಮೂಲೆಯಲ್ಲಿ, ಜೊಂಡಿನ ಜೌಗನ್ನೂ ಪಾಚಿಯ ಕೊಳವನ್ನೂ ಸಣ್ಣ ನೀರಾವರಿ ಇಲಾಖೆ ಕಟ್ಟಲಿ. ಒಳಗೆ ಬಂದ ನೀರಿನ, ಹೊರಗೆ ಹೋದ ನೀರಿನ, ಕೊಯ್ದ ಪಾಚಿಯ ಪರೀಕ್ಷಾ ಫಲಿತಾಂಶಗಳನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆದು ಸುತ್ತಲ ಪಂಚಾಯಿತಿ ಕಚೇರಿಗಳ ಗೋಡೆಗೆ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಠರಾವು ಬರೆಸಿ.